ಕೂಲಿಯಾಳು, ಕಾನೂನು ಮತ್ತು ಬೇಸಾಯಗಾರ

ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂಬ ಗಾದೆ ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ಬಳಕೆಯಲ್ಲಿದೆ. ಆದರೆ ಆಳಿಲ್ಲದೆ ಬೇಸಾಯ ಸಾಗಿಸುವ ಮನೆಗಳು ಈಗ ಎಷ್ಟಿವೆ? ಒಂದು ಎಕರೆ ಭತ್ತದ ನಾಟಿಗೆ ಸಾಮಾನ್ಯವಾಗಿ 10ರಿಂದ 12 ಆಳು ಬೇಕು. ಕಳೆ, ಕಟಾವು, ಒಕ್ಕಣೆ, ಸಾಗಣೆ ಎಲ್ಲದಕ್ಕೂ ಆಳನ್ನೇ ನೆಚ್ಚಬೇಕು. ಹೀಗಾಗಿ ಎರಡು ಎಕರೆಯ ಸಣ್ಣ ಹಿಡುವಳಿದಾರನೂ ವರ್ಷದಲ್ಲಿ ಕೆಲವು ದಿನ ಬೇರೆಯವರಿಗೆ ಕೂಲಿ ಕೊಡುವ ಮಾಲೀಕನೇ ಆಗುತ್ತಾನೆ.

ಬೀಜ, ಗೊಬ್ಬರ, ಕಳೆನಾಶಕಗಳ ವಿಷಯವಾಗಿ ನಾವು ತರಬೇತಿ ಶಿಬಿರಗಳನ್ನು ನಡೆಸುತ್ತೇವೆ. ಶಿಬಿರ ಮುಗಿದ ಮೇಲೆ ರೈತರು ಬೇರೆಯದೇ ಪ್ರಶ್ನೆ ಕೇಳುವುದುಂಟು. ಮುಂಗಡ ಪಡೆದ ಆಳು ಬಿಟ್ಟು ಹೋದರೆ ಏನು ಮಾಡಬೇಕು? ಒಕ್ಕಣೆ ಯಂತ್ರಕ್ಕೆ ಆಳಿನ ಕೈ ಸಿಕ್ಕಿದರೆ ಹೊಣೆ ಯಾರದು? ನಾನು ಬೆಳೆ ವಿಜ್ಞಾನಿ, ವಕೀಲನಲ್ಲ. ಆದರೂ ಸಾಗುವಳಿ ಖರ್ಚಿನಲ್ಲಿ ಕೂಲಿಯ ಪಾಲು ದೊಡ್ಡದು. ಅದಕ್ಕೆ ಸಂಬಂಧಿಸಿದ ಕಾನೂನನ್ನು ರೈತ ತಿಳಿಯದಿದ್ದರೆ ಬೆಳೆಯಿಂದ ಬಂದ ಲಾಭ ಒಂದೇ ದಿನದಲ್ಲಿ ಕೈಬಿಟ್ಟು ಹೋಗಬಹುದು. ಆದ್ದರಿಂದ ಮುಖ್ಯವಾದ ಅಂಶಗಳನ್ನು ಇಲ್ಲಿ ಸರಳವಾಗಿ ತಿಳಿಸಲಾಗಿದೆ.

ಕಾನೂನಿನಲ್ಲಿ ಆಗಿರುವ ಬದಲಾವಣೆ

ಬೇಸಾಯದ ಕೂಲಿಗೆ ಕಾನೂನಿನ ರಕ್ಷಣೆ ಹೊಸದೇನಲ್ಲ. 1948ರ ಕನಿಷ್ಠ ವೇತನ ಕಾಯಿದೆಯ ಅನುಸೂಚಿಯಲ್ಲಿಯೇ ವ್ಯವಸಾಯ ಸೇರಿತ್ತು. ಗಂಡಾಳು ಹೆಣ್ಣಾಳುಗಳಿಗೆ ಸಮಾನ ಕೂಲಿ ಎಂಬ ಕಾಯಿದೆ 1976ರಲ್ಲಿ ಬಂದಿತು. ಈಗ ಈ ಎರಡೂ ಕಾಯಿದೆಗಳು 2019ರ ವೇತನ ಸಂಹಿತೆಯಲ್ಲಿ ಸೇರಿಹೋಗಿವೆ. ಕೆಲಸದಲ್ಲಿ ಆಗುವ ಅಪಘಾತಕ್ಕೆ ಪರಿಹಾರ ಕೊಡಿಸುತ್ತಿದ್ದ 1923ರ ಕಾಯಿದೆ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ಈ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಹಳೆಯ ಕಾಯಿದೆಯ ಕೆಳಗೆ ಸರ್ಕಾರ ಪ್ರಕಟಿಸಿದ್ದ ಕೂಲಿ ದರಗಳು ಹೊಸ ಸಂಹಿತೆಗೆ ವಿರುದ್ಧವಾಗದಷ್ಟು ಮಟ್ಟಿಗೆ ಮುಂದುವರಿಯುತ್ತವೆ. ಜೀತ ನಿರ್ಮೂಲನೆಯ ಕಾಯಿದೆ ಮತ್ತು ಬಾಲಕಾರ್ಮಿಕ ನಿಷೇಧದ ಕಾಯಿದೆ ಮಾತ್ರ ಮೊದಲಿನಂತೆ ಪ್ರತ್ಯೇಕವಾಗಿಯೇ ಇವೆ.

ಒಬ್ಬನೇ ಆಳನ್ನು ಕೂಲಿಗೆ ಇಟ್ಟುಕೊಂಡರೂ ವೇತನ ಸಂಹಿತೆಯ ಕಣ್ಣಿನಲ್ಲಿ ರೈತ ಮಾಲೀಕನೇ. ಹಳ್ಳಿಗಳಲ್ಲಿ ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂಬ ಮುಯ್ಯಾಳಿನ ಪದ್ಧತಿ ಇದೆ. ಅಲ್ಲಿ ಕೂಲಿಯ ಮಾತಿಲ್ಲದಿರುವುದರಿಂದ ಅದು ಬೇರೆ.

ಕನಿಷ್ಠ ಕೂಲಿ ಮತ್ತು ಗುತ್ತಿಗೆ ಕೆಲಸ

ಸರ್ಕಾರ ಗೊತ್ತುಪಡಿಸಿದ ಕನಿಷ್ಠ ದರಕ್ಕಿಂತ ಕಡಿಮೆ ಕೂಲಿ ಕೊಡುವಂತಿಲ್ಲ. ಆಳು ತಾನಾಗಿ ಒಪ್ಪಿದ್ದಾನೆ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಬಾಯಿ ಮಾತಿನದಾಗಲಿ ಬರಹದ್ದಾಗಲಿ, ಅಸಿಂಧು. ಕನಿಷ್ಠ ದರಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲಿ ತೀರ್ಪು ನೀಡಿದೆ. ದರ ಕಾಲಕಾಲಕ್ಕೆ ಏರುತ್ತದೆ. ಆದ್ದರಿಂದ ಪ್ರತಿ ವರ್ಷ ಮುಂಗಾರಿಗೆ ಮೊದಲು ಅಂದಿನ ದರವನ್ನು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಿಂದ ಕೇಳಿ ತಿಳಿದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಬೇಕು.

ಎಕರೆಗೆ ಇಷ್ಟು ಎಂದು ಗುತ್ತಿಗೆ ಕೊಡುವವರು ಒಂದು ಲೆಕ್ಕವನ್ನು ಮರೆಯಬಾರದು. ಉದಾಹರಣೆಗೆ, ಎಕರೆ ನಾಟಿಗೆ 5,000 ರೂಪಾಯಿ ಒಪ್ಪಂದವಾಗಿ, 12 ಜನ ಹೆಣ್ಣಾಳುಗಳು ಒಂದು ದಿನದಲ್ಲಿ ಮುಗಿಸಿದರೆ ತಲೆಗೆ ಸುಮಾರು 417 ರೂಪಾಯಿ ಬೀಳುತ್ತದೆ. ಅದೇ ಕೆಲಸಕ್ಕೆ ಒಂದೂವರೆ ದಿನ ಹಿಡಿದರೆ ದಿನಗೂಲಿ ಸುಮಾರು 278 ರೂಪಾಯಿಗೆ ಇಳಿಯುತ್ತದೆ. ಹೀಗೆ ಭಾಗಿಸಿ ಬಂದ ಮೊತ್ತ ಅಂದಿನ ಕನಿಷ್ಠ ದಿನಗೂಲಿಗಿಂತ ಕಡಿಮೆಯಾದರೆ ವ್ಯತ್ಯಾಸವನ್ನು ರೈತ ತುಂಬಿಕೊಡಬೇಕು. ಇಲ್ಲಿನ ಅಂಕಿಗಳು ಲೆಕ್ಕ ತಿಳಿಯಲು ಮಾತ್ರ. ಅವು ಸರ್ಕಾರದ ದರವಲ್ಲ.

ಹೆಣ್ಣಾಳಿಗೂ ಅದೇ ಕೂಲಿ

ಒಂದೇ ಸಾಲಿನಲ್ಲಿ ಕಳೆ ಕೀಳುವ, ಒಂದೇ ಗದ್ದೆಯಲ್ಲಿ ಕುಯ್ಲು ಮಾಡುವ ಗಂಡಾಳಿಗೆ ಹೆಚ್ಚು, ಹೆಣ್ಣಾಳಿಗೆ ಕಡಿಮೆ ಎಂಬ ರೂಢಿ ಇನ್ನೂ ಹಲವು ಕಡೆ ಇದೆ. ಇದು ಕಾನೂನಿಗೆ ವಿರುದ್ಧ. ಕೆಲಸ ಒಂದೇ ಅಥವಾ ಒಂದೇ ಬಗೆಯದಾದರೆ ಕೂಲಿಯೂ ಒಂದೇ ಆಗಿರಬೇಕು. ಸಮ ಮಾಡುವ ನೆಪದಲ್ಲಿ ಗಂಡಾಳಿನ ಕೂಲಿ ಇಳಿಸುವುದಕ್ಕೂ ಅವಕಾಶವಿಲ್ಲ. ಉಳುಮೆ, ನಾಟಿಗಳಂತೆ ಕೆಲಸವೇ ಬೇರೆಯಾದಾಗ ದರ ಬೇರೆಯಿರಬಹುದು. ಆಗಲೂ ಯಾವುದೂ ಕನಿಷ್ಠ ದರಕ್ಕಿಂತ ಕೆಳಗಿಳಿಯಕೂಡದು.

ಕೂಲಿ ಪುಸ್ತಕ ಇಡಿ

ದಿನಗೂಲಿಯನ್ನು ಆ ದಿನದ ಕೆಲಸ ಮುಗಿದೊಡನೆ, ವಾರದ ಬಟವಾಡೆಯನ್ನು ವಾರದ ರಜೆಗೆ ಮೊದಲು, ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು. ಆಳು ಕೆಲಸ ಬಿಟ್ಟರೆ ಅಥವಾ ರೈತನೇ ಬಿಡಿಸಿದರೆ ಎರಡು ಕೆಲಸದ ದಿನಗಳೊಳಗೆ ಬಾಕಿ ತೀರಿಸಬೇಕು. ಕೂಲಿಯನ್ನು ಹಣವಾಗಿಯೇ ಕೊಡತಕ್ಕದ್ದು. ನಗದಾಗಿಯಾದರೂ ಕೊಡಬಹುದು, ಬ್ಯಾಂಕ್ ಖಾತೆಗಾದರೂ ಹಾಕಬಹುದು. ಸುಗ್ಗಿಯಲ್ಲಿ ಕೊಡುವ ಕಾಳು, ಮಧ್ಯಾಹ್ನದ ಊಟ ಇವು ನಮ್ಮ ಒಳ್ಳೆಯ ಸಂಪ್ರದಾಯಗಳು. ಅವನ್ನು ಕೂಲಿಯ ಜೊತೆಗೆ ಕೊಡಬೇಕೇ ಹೊರತು ಕೂಲಿಯ ಬದಲಿಗಲ್ಲ.

ಇನ್ನು ಈ ಲೇಖನದ ಮುಖ್ಯ ಮಾತಿಗೆ ಬರೋಣ. ವ್ಯವಸಾಯಕ್ಕೆ ಐದಕ್ಕಿಂತ ಹೆಚ್ಚಿಲ್ಲದಷ್ಟು ಆಳುಗಳನ್ನು ಇಟ್ಟುಕೊಂಡ ರೈತನಿಗೆ ರಿಜಿಸ್ಟರು ಇಡುವುದರಿಂದ ವೇತನ ಸಂಹಿತೆ ವಿನಾಯಿತಿ ಕೊಟ್ಟಿದೆ. ಇದನ್ನು ಕೇಳಿ ಅನೇಕರಿಗೆ ಸಮಾಧಾನವಾಗುತ್ತದೆ. ಆದರೆ ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ. ನಿರೀಕ್ಷಕರು ಕೇಳಿದಾಗ ಕೂಲಿ ಕೊಟ್ಟಿದ್ದಕ್ಕೆ ತಕ್ಕ ಸಾಕ್ಷ್ಯವನ್ನು ರೈತ ಹಾಜರುಪಡಿಸಲೇಬೇಕು. ಮೇಲಾಗಿ, ಕೂಲಿ ಬಂದಿಲ್ಲ ಅಥವಾ ಕಡಿಮೆ ಬಂದಿದೆ ಎಂದು ಆಳು ದೂರು ಕೊಟ್ಟರೆ, ಕೊಟ್ಟಿದ್ದೇನೆಂದು ರುಜುವಾತು ಮಾಡುವ ಹೊಣೆ ಮಾಲೀಕನ ಮೇಲಿದೆ. ಕೊಟ್ಟಿಲ್ಲವೆಂದು ಆಳು ರುಜುವಾತು ಮಾಡಬೇಕಾಗಿಲ್ಲ. ದೂರು ಕೊಡಲು ಮೂರು ವರ್ಷಗಳ ಅವಧಿಯಿದೆ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಲು ಅಧಿಕಾರಿಗೆ ಅವಕಾಶವಿದೆ.

ನಿಯತ್ತಾಗಿ ಕೂಲಿ ಕೊಟ್ಟ ರೈತನೊಬ್ಬ ಎರಡು ವರ್ಷದ ನಂತರ ಹೀಗೆ ವಿಚಾರಣೆಗೆ ನಿಂತನೆಂದು ಭಾವಿಸಿ. ಕೊಟ್ಟಿದ್ದೆಲ್ಲ ನೋಟಿನಲ್ಲಿ, ಕಣದ ಬದಿಯಲ್ಲಿ ನಿಂತು ಕೈಯಿಂದ ಕೈಗೆ. ಯಾರಿಗೆ, ಯಾವ ದಿನ, ಎಷ್ಟು ಎಂಬುದು ಅವನಿಗೇ ನೆನಪಿಲ್ಲ. ಆತ ಏನು ತೋರಿಸಿಯಾನು? ಕೊಟ್ಟರೂ ಬರೆದಿಡದ ಕೂಲಿ ವಿಚಾರಣೆಯಲ್ಲಿ ಕೊಡದ ಕೂಲಿಗೆ ಸಮನಾಗುತ್ತದೆ. ನಾಟಿ, ಕಟಾವಿನ ದಿನಗಳಲ್ಲಿ ಆಳುಗಳ ಸಂಖ್ಯೆ ಐದನ್ನು ಮೀರುವುದೂ ಸಹಜ. ಆದ್ದರಿಂದ ವಿನಾಯಿತಿಯನ್ನು ನೆಚ್ಚದೆ ಪ್ರತಿಯೊಬ್ಬ ಬೇಸಾಯಗಾರನೂ ಒಂದು ಕೂಲಿ ಪುಸ್ತಕ ಇಡುವುದು ಕ್ಷೇಮ. ಶಾಲೆಯ ಮಕ್ಕಳ 200 ಪುಟದ ಗೀಟಿನ ಪುಸ್ತಕ ಸಾಕು. ಅದರಲ್ಲಿ ಈ ಕೆಳಗಿನ ಎಂಟು ಕಾಲಂಗಳನ್ನು ಎಳೆದುಕೊಳ್ಳಬೇಕು.

1. ದಿನಾಂಕ
2. ಆಳಿನ ಹೆಸರು ಮತ್ತು ಊರು
3. ಮಾಡಿದ ಕೆಲಸ
4. ಕೆಲಸ ಆರಂಭಿಸಿದ ಮತ್ತು ಬಿಟ್ಟ ಹೊತ್ತು
5. ಕೂಲಿ ದರ
6. ಮುಂಗಡಕ್ಕೆ ಮುರಿದುಕೊಂಡ ಹಣ
7. ಕೈಗೆ ಕೊಟ್ಟ ಅಥವಾ ಖಾತೆಗೆ ಹಾಕಿದ ಹಣ
8. ಆಳಿನ ಸಹಿ ಅಥವಾ ಹೆಬ್ಬೆಟ್ಟಿನ ಗುರುತು

ಸಂಜೆ ಬಟವಾಡೆಯ ಹೊತ್ತಿಗೇ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಳ್ಳಬೇಕು. ವಾರದ ಕೊನೆಗೆ ನೆನಪಿನಿಂದ ಬರೆದ ಲೆಕ್ಕದಲ್ಲಿ ತಪ್ಪು ನುಸುಳುತ್ತದೆ. ಮೊಬೈಲ್ ಮೂಲಕ ಹಣ ಕಳಿಸುವವರಿಗೆ ಬ್ಯಾಂಕಿನ ದಾಖಲೆಯೇ ಒಳ್ಳೆಯ ಸಾಕ್ಷಿ. ಈ ಪುಸ್ತಕದಿಂದ ಇನ್ನೂ ಒಂದು ಪ್ರಯೋಜನವಿದೆ. ವರ್ಷದ ಕೊನೆಯಲ್ಲಿ ಯಾವ ಬೆಳೆಗೆ, ಯಾವ ಕೆಲಸಕ್ಕೆ ಎಷ್ಟು ಆಳು ಹಿಡಿಯಿತೆಂಬ ಸರಿಯಾದ ಲೆಕ್ಕ ಸಿಗುತ್ತದೆ. ಕಳೆ ತೆಗೆಯುವ ಯಂತ್ರ ಕೊಳ್ಳಬೇಕೇ ಬೇಡವೇ ಎಂಬುದನ್ನು ಆ ಲೆಕ್ಕದಿಂದಲೇ ತೀರ್ಮಾನಿಸಬಹುದು.

ಮೇಸ್ತ್ರಿಯ ಮೂಲಕ ಬರುವ ತಂಡ

ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬಿನ ಹೊಲಗಳಿಗೆ ಮಹಾರಾಷ್ಟ್ರದ ಬೀಡ್ ಮುಂತಾದ ಕಡೆಗಳಿಂದ ಕಟಾವಿನ ತಂಡಗಳು ಬರುತ್ತವೆ. ಕಬ್ಬಿನ ಕಟಾವಿರಲಿ, ಭತ್ತದ ನಾಟಿಯಿರಲಿ, ತಂಡ ಬಂದ ಕಡೆ ಹಣವೆಲ್ಲ ಮೇಸ್ತ್ರಿಯ ಕೈಗೆ ಹೋಗುವುದು ವಾಡಿಕೆ. ಹೊಲದ ಒಡೆಯ ತಾನೇ ತಂಡವನ್ನು ಗೊತ್ತುಮಾಡಿಕೊಂಡಾಗ ಮೇಸ್ತ್ರಿಗೆ ಕೊಟ್ಟ ಮಾತ್ರಕ್ಕೆ ಹೊಣೆ ತೀರಿತೆಂದು ತಿಳಿಯಬಾರದು. ಮೇಸ್ತ್ರಿ ಆಳುಗಳಿಗೆ ಕೊಡದೆ ಹೋದರೆ ಕೂಲಿಯ ಹೊಣೆ ಕೆಲಸ ಮಾಡಿಸಿಕೊಂಡ ಒಡೆಯನ ಮೇಲೆ ತಿರುಗಿ ಬೀಳುತ್ತದೆ. ತಂಡದ ಪ್ರತಿಯೊಬ್ಬರ ಹೆಸರೂ ಪುಸ್ತಕದಲ್ಲಿರಲಿ. ಬಟವಾಡೆ ತನ್ನ ಕಣ್ಣೆದುರಿಗೇ ಆಗಲಿ.

ಮುಂಗಡ ಎಲ್ಲಿಯವರೆಗೆ?

ಕಷ್ಟಕಾಲದಲ್ಲಿ ಆಳಿಗೆ ಮುಂಗಡ ಕೊಡುವುದು ತಪ್ಪಲ್ಲ. ಅದನ್ನು ಕೂಲಿಯಲ್ಲಿ ಮುರಿದುಕೊಳ್ಳಲು ಕಾನೂನಿನಲ್ಲಿ ಅವಕಾಶವೂ ಇದೆ. ಆದರೆ ಎಲ್ಲ ಕಡಿತಗಳೂ ಸೇರಿ ಆ ಅವಧಿಯ ಕೂಲಿಯ ಅರ್ಧವನ್ನು ಮೀರಬಾರದು. ವಾರಕ್ಕೆ 2,700 ರೂಪಾಯಿ ದುಡಿದವನಿಂದ 1,350ಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಹಿಡಿಯಲು ಅವಕಾಶವಿದೆಯೆಂದು ಅಷ್ಟನ್ನೂ ಹಿಡಿದರೆ ಆಳಿನ ಮನೆಯ ಒಲೆ ಉರಿಯದು. 10,000 ರೂಪಾಯಿ ಮುಂಗಡವನ್ನು ವಾರಕ್ಕೆ 500ರಂತೆ 20 ವಾರಗಳಲ್ಲಿ ತೀರಿಸಿಕೊಂಡರೆ ಇಬ್ಬರಿಗೂ ಭಾರವಾಗದು.

ಇದೇ ಮುಂಗಡ ಒಂದು ಗೆರೆಯನ್ನು ದಾಟಿದರೆ ಜೀತವಾಗುತ್ತದೆ. ಯುಗಾದಿಯಿಂದ ಯುಗಾದಿಗೆ ವರ್ಷದ ಆಳನ್ನು ಗೊತ್ತುಮಾಡಿಕೊಳ್ಳುವ ವಾಡಿಕೆಯಿರುವ ಕಡೆ ಈ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಸಾಲ ತೀರುವವರೆಗೆ ಬೇರೆಡೆ ದುಡಿಯಕೂಡದು, ಊರು ಬಿಡಕೂಡದು ಎಂದು ಕಟ್ಟು ಮಾಡುವುದು, ಇಲ್ಲವೇ ಮುಂಗಡದ ನೆಪದಲ್ಲಿ ಕನಿಷ್ಠ ದರಕ್ಕಿಂತ ಕಡಿಮೆ ಕೂಲಿಗೆ ದುಡಿಸಿಕೊಳ್ಳುವುದು ಜೀತ. ಜೀತ ಪದ್ಧತಿಯು 1975ರ ಅಕ್ಟೋಬರ್ 25ರಿಂದ ದೇಶದಲ್ಲೆಲ್ಲ ರದ್ದಾಗಿದೆ. 1976ರ ಕಾಯಿದೆಯ ಪ್ರಕಾರ ಜೀತದ ಸಾಲವನ್ನು ಆಳು ತೀರಿಸಬೇಕಾಗಿಲ್ಲ. ಕೊಟ್ಟದ್ದು ಜೀತದ ಸಾಲವಲ್ಲವೆಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು. ಜೀತಕ್ಕೆ ಬಲವಂತ ಮಾಡಿದವನಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 2,000 ರೂಪಾಯಿವರೆಗೆ ದಂಡ ವಿಧಿಸಬಹುದು.

ಹಾಗಾದರೆ ಮುಂಗಡ ಪಡೆದ ಆಳು ಬಿಟ್ಟು ಹೋದರೆ? ಅವನನ್ನು ಹಿಡಿದು ತರುವ, ಅವನ ಹೆಂಡತಿ ಮಕ್ಕಳನ್ನು ದುಡಿಸುವ, ಗುರುತಿನ ಚೀಟಿ ಇಟ್ಟುಕೊಳ್ಳುವ ಯತ್ನ ಸರ್ವಥಾ ಕೂಡದು. ಮುಂಗಡ ನ್ಯಾಯವಾದುದಾಗಿದ್ದರೆ ಅದು ಕೇವಲ ಹಣದ ಬಾಕಿ. ಅದನ್ನು ಸಿವಿಲ್ ಕೋರ್ಟಿನ ಮೂಲಕ ಕೇಳಬಹುದೇ ಹೊರತು ಮನುಷ್ಯನನ್ನು ಕಟ್ಟಿಹಾಕಿ ವಸೂಲು ಮಾಡುವಂತಿಲ್ಲ. ದೊಡ್ಡ ಮುಂಗಡ ಕೊಡದಿರುವುದೇ ಇದಕ್ಕೆ ಉತ್ತಮ ಪರಿಹಾರ.

ಅಪಘಾತವಾದರೆ

ಹೊಲದಲ್ಲಿ ಅಪಾಯವಿಲ್ಲದ ಕೆಲಸವಿಲ್ಲ. ಟ್ರ್ಯಾಕ್ಟರ್ ಮುಂತಾದ ಯಂತ್ರಗಳಿಂದ ಮಾಡುವ ಸಾಗುವಳಿ, ಕೊಳವೆ ಬಾವಿಯ ಕೆಲಸ, ಬೆಳೆಗೆ ಕೀಟನಾಶಕ ಸಿಂಪರಣೆ ಇವುಗಳಲ್ಲಿ ತೊಡಗಿದ ಆಳಿಗೆ ಕೆಲಸದ ಕಾರಣದಿಂದ ಅಪಘಾತವಾದರೆ ಪರಿಹಾರದ ಹೊಣೆ ಮಾಲೀಕನದು. ಮಾಲೀಕನ ತಪ್ಪಿರಲೇಬೇಕೆಂದಿಲ್ಲ. ಒಂದು ದಿನಕ್ಕೆ ಬಂದ ಆಳಾದರೂ ಈ ಹೊಣೆ ತಪ್ಪದು. ಚಿಕಿತ್ಸೆಯ ಖರ್ಚನ್ನೂ ಮಾಲೀಕನೇ ಕೊಡಬೇಕು.

ಸಾವು ಸಂಭವಿಸಿದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಗುಣಕದಿಂದ ಗುಣಿಸಿ ಪರಿಹಾರವನ್ನು ಗೊತ್ತುಮಾಡುತ್ತಾರೆ. ಆಳಿನ ವಯಸ್ಸು 40, ತಿಂಗಳ ಕೂಲಿ 12,000 ರೂಪಾಯಿ ಎಂದಿಟ್ಟುಕೊಳ್ಳೋಣ. 40ರ ಗುಣಕ 184.17. ಆಗ 6,000 ಗುಣಿಸು 184.17, ಅಂದರೆ 11,05,020 ರೂಪಾಯಿ. ಎರಡು ಎಕರೆಯ ರೈತ ಇದನ್ನು ಎಲ್ಲಿಂದ ತಂದಾನು? ದುಡಿಯುವ ಒಬ್ಬನೇ ಮನುಷ್ಯನನ್ನು ಕಳೆದುಕೊಂಡ ಆ ಮನೆಯವರಾದರೂ ಇದಿಲ್ಲದೆ ಹೇಗೆ ಬದುಕಿಯಾರು? ಎರಡೂ ಮನೆಗಳು ಉಳಿಯಬೇಕಾದರೆ ಮುನ್ನೆಚ್ಚರಿಕೆ ಮತ್ತು ವಿಮೆ ಬೇಕೇ ಬೇಕು.

ಹಿರಿಯರನ್ನು ಕೂರಿಸಿ ಅಷ್ಟಿಷ್ಟು ಹಣ ಕೊಟ್ಟು ಮುಗಿಸುವ ಪದ್ಧತಿಯೂ ಇದೆ. ಸಾವಿನ ಪ್ರಕರಣದಲ್ಲಿ ಹೀಗೆ ನೇರವಾಗಿ ಕೊಟ್ಟ ಹಣವನ್ನು ಕಾನೂನು ಪರಿಹಾರವೆಂದು ಎಣಿಸುವುದಿಲ್ಲ. ಹಣವನ್ನು ಸಕ್ಷಮ ಅಧಿಕಾರಿಯಲ್ಲಿಯೇ ಠೇವಣಿ ಇಡಬೇಕು. ತುರ್ತಿಗಾಗಿ ಅವಲಂಬಿತರಿಗೆ ಮೂರು ತಿಂಗಳ ಕೂಲಿಯಷ್ಟನ್ನು ಮುಂಗಡವಾಗಿ ಕೊಡಲು ಮಾತ್ರ ಅವಕಾಶವಿದೆ.

ಅನುಸರಿಸಬೇಕಾದ ಮುನ್ನೆಚ್ಚರಿಕೆಗಳು ಹೀಗಿವೆ.

1. ಒಕ್ಕಣೆ ಯಂತ್ರದ ತೆನೆ ಉಣಿಸುವ ದೋಣಿ ಕನಿಷ್ಠ 90 ಸೆಂ.ಮೀ. ಉದ್ದವಿದ್ದು, ಅದರಲ್ಲಿ 45 ಸೆಂ.ಮೀ. ಮುಚ್ಚಿರಬೇಕು. ಸಡಿಲ ಬಟ್ಟೆ ತೊಟ್ಟವರನ್ನು, ಕುಡಿದವರನ್ನು ಯಂತ್ರದ ಬಳಿ ಬಿಡಬಾರದು.

2. ಸಿಂಪರಣೆ ಮಾಡುವ ಆಳಿಗೆ ಕೈಗವಸು, ಮುಖಗವಸು, ಉದ್ದ ತೋಳಿನ ಅಂಗಿ ಒದಗಿಸಬೇಕು. ಕೀಟನಾಶಕ ಬಳಸುವವರಿಗೆ ತಕ್ಕ ರಕ್ಷಣಾ ಉಡುಪು ಇರಬೇಕೆಂದು 1971ರ ಕೀಟನಾಶಕ ನಿಯಮಗಳು ವಿಧಿಸಿವೆ. ಡಬ್ಬಿಯ ಮೇಲಿನ ಕೆಂಪು ಮತ್ತು ಹಳದಿ ತ್ರಿಕೋನಗಳು ಹೆಚ್ಚು ವಿಷದ ಗುರುತು. ಗಾಳಿಗೆ ಎದುರಾಗಿ ಸಿಂಪಡಿಸಬಾರದು. ಗರ್ಭಿಣಿಯರನ್ನು, ಎಳೆಯರನ್ನು ಈ ಕೆಲಸಕ್ಕೆ ಹಚ್ಚಬಾರದು. ವಿಷದ ಡಬ್ಬಿಯನ್ನು ಎಸೆಯದೆ ಕೆಲಸ ಮುಗಿಯುವವರೆಗೆ ಇಟ್ಟುಕೊಂಡಿರಬೇಕು. ಅಸ್ವಸ್ಥರಾದವರನ್ನು ಕರೆದೊಯ್ಯುವಾಗ ವೈದ್ಯರಿಗೆ ಅದನ್ನು ತೋರಿಸಬೇಕು.

3. ಟ್ರ್ಯಾಕ್ಟರಿನಲ್ಲಿ ಚಾಲಕನಿಗೆ ಮಾತ್ರ ಸ್ಥಳ. ಮಡ್‌ಗಾರ್ಡಿನ ಮೇಲೆ ಆಳನ್ನು ಕೂರಿಸಿಕೊಂಡು ಹೋಗುವಾಗ ಬಿದ್ದು ಸತ್ತರೆ ವಿಮೆಯವರು ಹೊಣೆ ಒಪ್ಪದಿರಬಹುದು.

4. ಸಾಮಾನ್ಯ ವಿಮಾ ಕಂಪನಿಗಳಲ್ಲಿ ಕೆಲಸಗಾರರ ಪರಿಹಾರದ ವಿಮಾ ಪಾಲಿಸಿ ದೊರೆಯುತ್ತದೆ. ಯಂತ್ರ ಇರುವ ರೈತರು ಇದನ್ನು ಮಾಡಿಸುವುದು ಒಳ್ಳೆಯದು.

5. ಬ್ಯಾಂಕ್ ಖಾತೆಯಿರುವ 18ರಿಂದ 70 ವಯಸ್ಸಿನ ಆಳುಗಳನ್ನು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಿಸಬೇಕು. 2022ರ ಜೂನ್‌ನಿಂದ ವರ್ಷದ ಕಂತು 20 ರೂಪಾಯಿ. ಅಪಘಾತದಲ್ಲಿ ಮರಣವಾದರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ ದೊರೆಯುತ್ತದೆ. ಇದರಿಂದ ಮಾಲೀಕನ ಹೊಣೆ ತೀರುವುದಿಲ್ಲ, ಆದರೆ ಆ ಮನೆಗೆ ಆಸರೆಯಾಗುತ್ತದೆ.

ಮಕ್ಕಳನ್ನು ಕೂಲಿಗೆ ಕರೆಯಬೇಡಿ

1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಸಂಕರ ಹತ್ತಿ ಬಂದ ಮೇಲೆ ಸಂಕರ ಬೀಜೋತ್ಪಾದನೆ ನಮ್ಮಲ್ಲಿ ಬೆಳೆಯಿತು. ಸಂಜೆ ಮೊಗ್ಗಿನ ಕೇಸರ ತೆಗೆದು, ಮರುದಿನ ಬೆಳಿಗ್ಗೆ ಪರಾಗ ಸವರುವ ಈ ನಾಜೂಕಿನ ಕೆಲಸಕ್ಕೆ ಎಳೆಯ ಬೆರಳುಗಳೇ ಚೆನ್ನ ಎಂಬ ತಪ್ಪು ತಿಳಿವಳಿಕೆಯೂ ಬೆಳೆಯಿತು. ದೊಡ್ಡವರು ಸ್ವಲ್ಪ ಅಭ್ಯಾಸದಿಂದ ಇದನ್ನು ಚೆನ್ನಾಗಿಯೇ ಮಾಡಬಲ್ಲರು. 1986ರ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ 14 ವರ್ಷ ತುಂಬದ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ತಪ್ಪಿದರೆ ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೇ 20,000ದಿಂದ 50,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಮಗು ಶಾಲೆಯ ಹೊತ್ತು ಬಿಟ್ಟು ತನ್ನ ಮನೆಯವರ ಹೊಲದಲ್ಲಿ ನೆರವಾಗುವುದಕ್ಕೆ ಅಡ್ಡಿಯಿಲ್ಲ. ಕೂಲಿಗೆ ಬಂದ ತಾಯಿಯ ಜೊತೆ ಮಗುವೂ ಸಾಲಿಗೆ ಇಳಿದರೆ ಆ ವಿನಾಯಿತಿ ನಿಮ್ಮ ಹೊಲಕ್ಕೆ ಸಲ್ಲದು.

ಸಲಹೆ ಎಲ್ಲಿ ಸಿಗುತ್ತದೆ?

ನಿರೀಕ್ಷಕರೆಂದರೆ ದಂಡ ಹಾಕುವವರು ಎಂಬ ಅಂಜಿಕೆ ರೈತರಲ್ಲಿದೆ. ಹೊಸ ಸಂಹಿತೆಯು ಕಾನೂನನ್ನು ಪಾಲಿಸುವ ಬಗೆಯನ್ನು ಮಾಲೀಕರಿಗೂ ಕೆಲಸಗಾರರಿಗೂ ತಿಳಿಸಿಕೊಡುವ ಕರ್ತವ್ಯವನ್ನು ಅವರಿಗೆ ವಹಿಸಿದೆ. ಕೂಲಿ ಕಡಿಮೆ ಕೊಟ್ಟ ಮಾಲೀಕನಿಗೆ 50,000 ರೂಪಾಯಿವರೆಗೆ ದಂಡ ವಿಧಿಸಬಹುದು. ಆದರೆ ಮೊದಲ ಸಲ ತಪ್ಪಿದಾಗ, ಮೊಕದ್ದಮೆ ಹೂಡುವ ಮೊದಲು ತಿದ್ದಿಕೊಳ್ಳಲು ಲಿಖಿತ ಸೂಚನೆ ಕೊಟ್ಟು ಕಾಲಾವಕಾಶ ನೀಡಬೇಕು. ಐದು ವರ್ಷದೊಳಗೆ ಅದೇ ತಪ್ಪು ಮರುಕಳಿಸಿದರೆ ಈ ಅವಕಾಶವಿಲ್ಲ. ಒಬ್ಬೊಬ್ಬರೇ ಕಚೇರಿಗೆ ಅಲೆಯುವ ಬದಲು ಹಾಲು ಉತ್ಪಾದಕರ ಸಂಘ, ವ್ಯವಸಾಯ ಸೇವಾ ಸಹಕಾರ ಸಂಘ, ರೈತ ಉತ್ಪಾದಕರ ಸಂಸ್ಥೆಗಳು ಮುಂಗಾರಿಗೆ ಮೊದಲು ಕಾರ್ಮಿಕ ನಿರೀಕ್ಷಕರನ್ನು ಊರಿಗೇ ಕರೆಸಿ ಅರ್ಧ ದಿನದ ತಿಳಿವಳಿಕೆ ಶಿಬಿರ ಏರ್ಪಡಿಸಬಹುದು. ಆ ಶಿಬಿರಕ್ಕೆ ಕೂಲಿಕಾರರನ್ನೂ ಕರೆಯಬೇಕು. ಇಬ್ಬರೂ ಒಂದೇ ಮಾತನ್ನು ಒಟ್ಟಿಗೆ ಕೇಳಿದರೆ ಮುಂದೆ ಜಗಳಕ್ಕೆ ಎಡೆಯಿರದು.

ನೆನಪಿಡಬೇಕಾದ ಅಂಶಗಳು

1. ವರ್ಷಕ್ಕೊಮ್ಮೆ ಕನಿಷ್ಠ ಕೂಲಿ ದರ ವಿಚಾರಿಸಿ.
2. ಒಂದೇ ಕೆಲಸಕ್ಕೆ ಹೆಣ್ಣು ಗಂಡು ಎಣಿಸದೆ ಒಂದೇ ಕೂಲಿ ಕೊಡಿ.
3. ಪ್ರತಿ ಬಟವಾಡೆಯನ್ನೂ ಪುಸ್ತಕದಲ್ಲಿ ಬರೆದು ಸಹಿ ಪಡೆಯಿರಿ.
4. ಮುಂಗಡ ಚಿಕ್ಕದಿರಲಿ. ಅದರ ಹೆಸರಿನಲ್ಲಿ ಆಳನ್ನು ಕಟ್ಟಿಹಾಕಬೇಡಿ.
5. ಯಂತ್ರ ಮತ್ತು ವಿಷದ ಕೆಲಸಕ್ಕೆ ರಕ್ಷಣೆ ಒದಗಿಸಿ, ವಿಮೆ ಮಾಡಿಸಿ.
6. ಮಕ್ಕಳನ್ನು ಶಾಲೆಗೆ ಕಳಿಸಿ.

ಇವಕ್ಕೆಲ್ಲ ಹೆಚ್ಚಿನ ಖರ್ಚು ತಗಲುವುದಿಲ್ಲ. ದಿನಕ್ಕೆ ಹತ್ತು ನಿಮಿಷ, ಒಂದು ಪುಸ್ತಕ, ಒಂದು ಪೆನ್ನು ಸಾಕು. ಕೂಲಿ ಸರಿಯಾಗಿ, ಹೊತ್ತಿಗೆ ಸರಿಯಾಗಿ ಸಿಗುವ ಹೊಲಕ್ಕೆ ಆಳು ಮತ್ತೆ ಬರುತ್ತದೆಂಬುದು ಎಲ್ಲ ರೈತರ ಅನುಭವ. ನಾಟಿಯ ವಾರದಲ್ಲಿ ಊರಿಗೆಲ್ಲ ಆಳಿನ ಅಭಾವವಿರುವಾಗ ಯಾರ ಗದ್ದೆಗೆ ಮೊದಲು ಜನ ಇಳಿಯುತ್ತಾರೆ ಎಂಬುದನ್ನು ನೀವೇ ಗಮನಿಸಿ ನೋಡಿ.